ನಿಮ್ಮ ಲೇಖನದ ನೆಲನೆಲ್ಲಿ ಪ್ಯಾರಾ

ಆತ್ಮೀಯರೇ, ನಮಸ್ಕಾರ.

ಬರೂಕ್ ಬ್ಲಂಬರ್ಗ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದು 1976ರಲ್ಲಿ ನೊಬೆಲ್ ಪಡೆದ ಈ ಅಮೆರಿಕನ್ ವಿಜ್ಞಾನಿಯ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ನನಗೆ ಖುಷಿ. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಎರಡು ಪುಟ ಪೂರ್ತಿ ಹುಟ್ಟು, ಓದು, ಪದವಿ, ಪ್ರಶಸ್ತಿ. "ಮಹಾನ್" ಅನ್ನುವ ಪದ ಒಂಬತ್ತು ಸಲ ಬಂದಿದೆ. ವೈರಸ್ ಸಿಕ್ಕಿದ್ದು ಹೇಗೆ ಅನ್ನುವುದಕ್ಕೆ ಮಾತ್ರ ಒಂದೇ ಸಾಲು: "ಸತತ ಪರಿಶ್ರಮದಿಂದ ಕಂಡುಹಿಡಿದರು." ಅವರು ವೈರಸ್ ಹುಡುಕುತ್ತಲೇ ಇರಲಿಲ್ಲ! ಬೇರೆ ಬೇರೆ ನಾಡಿನ ಜನರ ರಕ್ತದಲ್ಲಿ ಏನೇನು ವ್ಯತ್ಯಾಸ ಇದೆ ಅಂತ ನೋಡುತ್ತಿದ್ದರು. ಪದೇ ಪದೇ ರಕ್ತ ಹಾಕಿಸಿಕೊಂಡಿದ್ದ ಒಬ್ಬ ಹಿಮೋಫಿಲಿಯಾ (ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಮ್ಮನ್ನು, ಅಂದರೆ ರಕ್ತದ ತಿಳಿ ಭಾಗವನ್ನು, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ಮಿನ ಎದುರು ಇಟ್ಟಾಗ ಜೆಲ್ಲಿನಲ್ಲಿ ಒಂದು ಗೆರೆ ಮೂಡಿತು. ಆ ಗೆರೆ ಮೂಡಿಸಿದ ವಸ್ತುವೇ 'ಆಸ್ಟ್ರೇಲಿಯಾ ಆಂಟಿಜನ್' ಆಯಿತು (ಆಂಟಿಜನ್ ಅಂದರೆ ದೇಹ ಹೊರಗಿನದು ಅಂತ ಗುರುತಿಸಿ ಎದುರಿಸುವ ವಸ್ತು). 1965ರ ಪ್ರಬಂಧದಲ್ಲಿ ಅದನ್ನು ರಕ್ತದ ಕ್ಯಾನ್ಸರಿಗೆ ಗಂಟು ಹಾಕಿದ್ದರು. ಲಿವರ್ ಕಾಯಿಲೆ ಆಗ ಅವರ ತಲೆಯಲ್ಲೇ ಇರಲಿಲ್ಲ.

ದಾರಿ ಬದಲಾಗಿದ್ದನ್ನು ನೀವು ಬರೆಯಲೇ ಇಲ್ಲ. 1967ರಲ್ಲಿ ಅವರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ತಂತ್ರಜ್ಞೆಗೆ ಮೈ ಹುಷಾರಿಲ್ಲ ಅನ್ನಿಸಿತು. ಆಕೆ ತನ್ನದೇ ರಕ್ತವನ್ನು ಪರೀಕ್ಷೆಗೆ ಇಟ್ಟರು. ಅದೇ ಗೆರೆ! ಆಮೇಲೆ ಹೆಪಟೈಟಿಸ್ ಕಾಣಿಸಿಕೊಂಡಿತು. ಇಲ್ಲಿಂದ ಶುರು ಮಾಡಿ ನೋಡಿ, ಓದುಗ ಕೆಳಗಿಡುವುದಿಲ್ಲ. ಇದಾದ ಮೇಲೂ, ಆ ಆಂಟಿಜನ್ನಿಗೂ ಹೆಪಟೈಟಿಸ್ಸಿಗೂ ನಂಟಿದೆ ಅನ್ನುವ ಅವರ ಒಂದು ಪ್ರಬಂಧ ಮೊದಲ ಸಲ ತಿರಸ್ಕೃತವಾಗಿತ್ತು. ಹೆಪಟೈಟಿಸ್ ವೈರಸ್ ಸಿಕ್ಕಿತು ಅಂತ ಅದಕ್ಕೂ ಮೊದಲೇ ಬಹಳ ಜನ ಹೇಳಿಕೊಂಡಿದ್ದರು, ಇದೂ ಅಂಥದ್ದೇ ಇನ್ನೊಂದು ಅನ್ನುವುದು ಕಾರಣ.

ಈಗ ನನಗೆ ನಿಜವಾಗಿ ಚಿಂತೆ ತಂದ ಪ್ಯಾರಾ. "ನೆಲನೆಲ್ಲಿ ಹೆಪಟೈಟಿಸ್ ಬಿ ವಾಸಿ ಮಾಡುತ್ತದೆ ಎಂದು ಬ್ಲಂಬರ್ಗ್ ಅವರೇ ಸಾಬೀತು ಮಾಡಿದ್ದಾರೆ" ಅಂತ ಬರೆದಿದ್ದೀರಿ. ನೀವು ಹೇಳುವ ಪ್ರಬಂಧ ಇರುವುದು ನಿಜ. 1988ರಲ್ಲಿ ಮದರಾಸಿನ ಸಂಶೋಧಕರ ಜೊತೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಆ ಆಂಟಿಜನ್, ಅಂದರೆ ವೈರಸ್ಸಿನ ಗುರುತು, ಮಾಯವಾಗಿತ್ತು, ಸುಮ್ನೆ ಹುಸಿ ಔಷಧಿ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆದರೆ ಅದು ಆರಂಭದ ಅಧ್ಯಯನ ಅಂತ ಅವರೇ ಹೇಳಿದ್ದರು. ಆಮೇಲೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ನೀವು ನಿಮಗೆ ಇಷ್ಟವಾದ ಪ್ರಬಂಧದ ಹತ್ತಿರವೇ ನಿಂತುಬಿಟ್ಟಿದ್ದೀರಿ. ಬ್ಲಂಬರ್ಗ್ ತಮ್ಮದೇ 1965ರ ಊಹೆಯ ಹತ್ತಿರ ನಿಂತಿದ್ದರೆ ಈ ಲೇಖನ ಬರೆಯಲು ನಿಮಗೆ ವಿಷಯವೇ ಇರುತ್ತಿರಲಿಲ್ಲ, ಅಲ್ವಾ?

ನನ್ನ ಅಜ್ಜಿಯೂ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಎಷ್ಟೋ ಜನ ಹುಷಾರಾದರು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಎಳೆಯ ಕೂಸಿಗೆ ತಗುಲಿದರೆ 10ರಲ್ಲಿ 9 ಸಲ ಒಳಗೇ ಉಳಿದುಬಿಡುತ್ತದೆ. ಕಣ್ಣು ಹಳದಿ ಆಗದೆಯೂ ಲಿವರ್ ವರ್ಷಗಟ್ಟಲೆ ಹಾಳಾಗುತ್ತಾ ಹೋಗಬಹುದು, ಕ್ಯಾನ್ಸರಿಗೂ ತಿರುಗಬಹುದು. ಅಂಥ ಒಬ್ಬರು ನಿಮ್ಮ ಪ್ಯಾರಾ ಓದಿ ಮಾತ್ರೆ ನಿಲ್ಲಿಸಿದರೆ? ಇದು ನಿಮ್ಮ ಜವಾಬ್ದಾರಿ, ಪ್ರಕಟಿಸಿದರೆ ನನ್ನದೂ ಹೌದು. ನೆಲನೆಲ್ಲಿಯನ್ನು ತೆಗೆದುಹಾಕಿ ಅಂತ ಹೇಳುತ್ತಿಲ್ಲ. ಪೂರ್ತಿ ಕಥೆ ಬರೆಯಿರಿ.

ಲಸಿಕೆಗೆ ಅರ್ಧ ಸಾಲು ಕೊಟ್ಟಿದ್ದೀರಿ, ಅದೂ ಸಾಲದು. ವೈರಸ್ ಇರುವವರ ರಕ್ತದಿಂದಲೇ ಲಸಿಕೆ ಮಾಡುವ ಉಪಾಯವನ್ನು ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಮಿಲ್‌ಮನ್ 1969ರಲ್ಲೇ ಮುಂದಿಟ್ಟಿದ್ದರು. ಇವತ್ತು ಹೆರಿಗೆಯಾದ 24 ಗಂಟೆಯೊಳಗೆ ಮಗುವಿಗೆ ಹಾಕುವ ಚುಚ್ಚುಮದ್ದಿನ ಬೇರು ಅಲ್ಲಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅದನ್ನು ಹಾಕುವ ಒಬ್ಬ ನರ್ಸ್ ಜೊತೆ ಮಾತಾಡಿ ಬನ್ನಿ.

ಹುಟ್ಟು ಮತ್ತು ಪದವಿಯ ಪುಟಗಳನ್ನು ಎರಡು ಸಾಲಿಗೆ ಇಳಿಸಿ. ಒಂದು ತಿಂಗಳಲ್ಲಿ ತಿದ್ದಿ ಕಳಿಸುತ್ತೀರಾ? ಬಂದ ದಿನವೇ ಓದುತ್ತೇನೆ.

ನಿಮ್ಮ
ಸಂಪಾದಕ