ಆ ‘ಕೆಲವರು’ ಯಾರು?

ಪ್ರಿಯ ತಂಗಿ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ದೇಶದ ಆಣೆ, ದೇವರ ಹೆಸರು’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಪ್ಯಾರಾ ಹಾಗೇ ಇರಲಿ. ದೇಶಭಕ್ತಿಗೆ ದೇವರ ಹೆಸರು ಕಡ್ಡಾಯ ಆಗಬಾರದು ಅನ್ನುವ ನಿಮ್ಮ ವಾದವನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪುವುದರಿಂದಲೇ ಲೇಖನ ಓದಿ ಸಿಟ್ಟು ಬಂತು.

ಮೂರನೇ ಪ್ಯಾರಾದಲ್ಲಿ ಬರೆದಿದ್ದೀರಿ: ‘ದೇವರನ್ನು ನಂಬದ ಕೆಲವರು ನಮ್ಮ ನಡುವೆ ಇದ್ದಾರೆ. ಅವರನ್ನೂ ನಾವು ದೊಡ್ಡ ಮನಸ್ಸಿನಿಂದ ಸಹಿಸಿಕೊಳ್ಳಬೇಕು.’ ಇಲ್ಲಿ ಮನೆ ಯಾರದು, ನೆಂಟರು ಯಾರು? ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳೋಣ ಎನ್ನುವ ಲೇಖನ ಮೊದಲೇ ಒಂದಷ್ಟು ಜನರನ್ನು ಹೊರಗೆ ನಿಲ್ಲಿಸಿಬಿಟ್ಟಿತು. ಸಂವಿಧಾನದ ಮೂರನೇ ಅನುಸೂಚಿ ತೆಗೆದು ನೋಡಿ. ಮಂತ್ರಿ, ಶಾಸಕ, ನ್ಯಾಯಾಧೀಶರ ಪ್ರಮಾಣವಚನದ ನಮೂನೆ ಅಲ್ಲಿದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲಾ ದೇವರ ಹೆಸರು ತೆಗೆದುಕೊಳ್ಳದೆ ಪ್ರತಿಜ್ಞೆ ಮಾಡಬಹುದು. ಎರಡೂ ಒಂದೇ ವಾಕ್ಯದಲ್ಲಿವೆ. ಎರಡನೆಯದನ್ನು ಆರಿಸಿಕೊಂಡವರು ಯಾರಿಗೂ ಕಾರಣ ಹೇಳಬೇಕಿಲ್ಲ. ಅದು ಅವರ ಹಕ್ಕು. ಅದನ್ನು ನಿಮ್ಮ ದೊಡ್ಡ ಮನಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಅದರ ಕೆಳಗೇ, ‘ಸಂವಿಧಾನ ಬರೆದವರು ಈ ವಿಷಯವನ್ನು ಯೋಚಿಸಿರಲಿಲ್ಲ’ ಅಂದಿದ್ದೀರಿ. ಯೋಚಿಸಿದ್ದರು ತಂಗಿ, ಮತ ಹಾಕಿದ್ದರು ಕೂಡ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಸದಸ್ಯ ಎಚ್.ವಿ. ಕಾಮತ್ ಅವರು ಸಂವಿಧಾನದ ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಅಂತ ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ನಮ್ಮ ಭಾವನೆಯನ್ನು ಇನ್ನೊಬ್ಬರ ಮೇಲೆ ಹೇರಬಾರದು ಎಂದು ಹೃದಯನಾಥ ಕುಂಜ್ರು ವಾದಿಸಿದರು. ಕಾಮತರು ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ತಿದ್ದುಪಡಿ ಬಿತ್ತು. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರಾ? ಖಂಡಿತ ಅಲ್ಲ. ನಿಮ್ಮ ಲೇಖನದ ಜೀವ ಇಲ್ಲಿತ್ತು, ನೀವು ಇದನ್ನು ದಾಟಿಕೊಂಡು ಹೋದಿರಿ.

ಅಮೆರಿಕದವರು ತಮ್ಮ ಬಾವುಟಕ್ಕೆ ಹೇಳುವ ಪ್ರತಿಜ್ಞೆಯಲ್ಲಿ ದೇವರು ‘ಮೊದಲಿನಿಂದಲೂ’ ಇದ್ದ ಅಂದಿದ್ದೀರಿ. ಇರಲಿಲ್ಲ. 1892ರಲ್ಲಿ ಅದನ್ನು ಬರೆದ ಫ್ರಾನ್ಸಿಸ್ ಬೆಲ್ಲಾಮಿ ಸ್ವತಃ ಪಾದ್ರಿ. ಆದರೂ ಅವರು ದೇವರ ಹೆಸರು ಹಾಕಿರಲಿಲ್ಲ. ಅದು ಸೇರಿದ್ದು 1954ರಲ್ಲಿ, ಕಮ್ಯುನಿಸ್ಟರ ವಿರುದ್ಧದ ಶೀತಲ ಸಮರದ ಬಿಸಿಯಲ್ಲಿ. ನೀವು ಶಾಲೆಯಲ್ಲಿ ಹೇಳಿದ ‘ಭಾರತ ನನ್ನ ದೇಶ’ ಪ್ರತಿಜ್ಞೆಯಲ್ಲೂ ದೇವರ ಹೆಸರಿಲ್ಲ. 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅದನ್ನು ತೆಲುಗಿನಲ್ಲಿ ಬರೆದರು. ಇದನ್ನು ಒಂದು ಸಾಲಿನಲ್ಲಾದರೂ ಸೇರಿಸಿ.

ಮತ್ತೆ ಆ ‘ನಂಬದ ಕೆಲವರು’ ಸಾಲಿಗೆ ಬರುತ್ತೇನೆ, ಬಿಡಲು ಮನಸ್ಸಿಲ್ಲ. ಇಂಥ ಕಡ್ಡಾಯದಿಂದ ನಂಬದವರಿಗಷ್ಟೇ ತೊಂದರೆ ಅಂದುಕೊಂಡಿದ್ದೀರಿ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು, ಗಾಢವಾದ ದೈವಭಕ್ತರು. ಹಾಡದಿರಲು ಆ ನಂಬಿಕೆಯೇ ಕಾರಣ. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಆ ಮಕ್ಕಳನ್ನು ನೀವು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ?

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ. ಪ್ರಮಾಣವಚನದ ವರದಿಗೆ ಕಳಿಸುವಾಗ ನಮ್ಮ ಹಿರಿಯ ಉಪಸಂಪಾದಕರದು ಒಂದೇ ಮಾತು: ‘ಹಾರ ತುರಾಯಿ ಬಿಡು. ಯಾರು ಯಾರ ಹೆಸರ್ ತಗೊಂಡ್ರು, ಅದನ್ನ ಬರ್ಕೊಂಡ್ ಬಾ.’ ಗದಗ ಕಡೆಯ ಒಂದು ಊರಿನಲ್ಲಿ ಪಂಚಾಯಿತಿಯ ಹೊಸ ಸದಸ್ಯರ ಪ್ರಮಾಣವಚನ ಇತ್ತು. ಅಧಿಕಾರಿ ಓದುತ್ತಿದ್ದರು, ಸದಸ್ಯರು ಹಿಂದೆಯೇ ಹೇಳುತ್ತಿದ್ದರು. ನಡುವಯಸ್ಸಿನ ಒಬ್ಬ ಹೆಣ್ಣುಮಗಳು ‘ದೇವರ ಹೆಸರಿನಲ್ಲಿ’ ಬಂದ ಕೂಡಲೇ ನಿಲ್ಲಿಸಿದರು. ‘ನಂದು ಇನ್ನೊಂದು ಐತ್ರಿ’ ಅಂದರು. ಅಧಿಕಾರಿ ಹಾಳೆ ತಿರುವಿ ಹುಡುಕಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಕೆ ಹಾಳೆಯನ್ನು ಕೈಗೆ ತಗೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ನಿಧಾನವಾಗಿ ತಾವೇ ಓದಿದರು. ಸಹಿ ಹಾಕಿ ಕುರ್ಚಿಗೆ ಹೋದರು. ನಮ್ಮ ಹಿರಿಯರು ಆಕೆಯನ್ನು ವರದಿಯ ಮೊದಲ ಪ್ಯಾರಾಕ್ಕೆ ತಂದರು. ಹೊಗಳಲಿಲ್ಲ, ಕನಿಕರ ತೋರಿಸಲಿಲ್ಲ. ಹೆಸರು, ವಾರ್ಡು, ಆಡಿದ ಮಾತು, ಅಷ್ಟೇ.

ನಿಮ್ಮ ಲೇಖನದಲ್ಲಿ ಅಂಥ ಒಬ್ಬರೂ ಬಾಯಿ ತೆರೆಯುವುದಿಲ್ಲ. ನಿಮ್ಮ ಹಾವೇರಿ ಜಿಲ್ಲೆಯಲ್ಲೇ ಎಷ್ಟು ಪಂಚಾಯಿತಿಗಳಿವೆ, ಹುಡುಕಿದರೆ ಸಿಗುತ್ತಾರೆ. ಹೋಗಿ ಮಾತಾಡಿಸಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಸುಮ್ನೆ ತಿದ್ದಲು ಹೋಗಬೇಡಿ. ‘ವಿವಿಧತೆಯಲ್ಲಿ ಏಕತೆ’ ಅನ್ನುವ ಕೊನೆಯ ಪ್ಯಾರಾ ತೆಗೆದುಹಾಕಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಇಟ್ಟಿರುತ್ತೇನೆ.