ಕ್ರಿಪ್ಟೊಗೆ ಬ್ಯಾಂಕಿನ ಹಂಗಿಲ್ಲದಿರಬಹುದು, ನಮಗಿದೆ

ಬ್ಯಾಂಕಿನ ಹಂಗೂ ಸರ್ಕಾರದ ಹಿಡಿತವೂ ಇಲ್ಲದ ಹಣವಾದ್ದರಿಂದ ಉಳಿತಾಯವನ್ನು ಕ್ರಿಪ್ಟೊದಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಇದೇ ಮಾತನ್ನು ನಂಬಿ 2021ರಲ್ಲಿ ನಾನು, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಾರಿ ಬಂದ ಹಣದ ಒಂದು ಪಾಲನ್ನು ಯುಎಸ್‌ಡಿಟಿ ಎಂಬ ಕ್ರಿಪ್ಟೊ ಕಾಯಿನ್‌ಗೆ ಹಾಕಿದ್ದೆ. ಅದರ ಬೆಲೆ ಡಾಲರಿಗೆ ಕಟ್ಟಿಹಾಕಿದ್ದು, ಟೊಮೆಟೊದ 15 ಕೆ.ಜಿ. ಬಾಕ್ಸಿನ ದರದಂತೆ ದಿನಕ್ಕೊಂದು ಆಟ ಆಡುವುದಿಲ್ಲ.

2023ರ ಜೂನ್‌ನಲ್ಲಿ ಬೋರ್‌ವೆಲ್ ಕೊರೆಸಲು ಅದನ್ನು ಪಿ-ಟು-ಪಿ ಮೂಲಕ ಮಾರಿದೆ. ಇದರಲ್ಲಿ ಕೊಳ್ಳುವವನು ನಮ್ಮ ಖಾತೆಗೆ ನೇರವಾಗಿ ರೂಪಾಯಿ ಹಾಕುತ್ತಾನೆ, ಹಣ ಬಂದಿದೆ ಎಂದು ನಾವು ಒತ್ತಿದೊಡನೆ ಆ್ಯಪ್ ಹಿಡಿದಿಟ್ಟಿದ್ದ ಕಾಯಿನ್ ಅವನ ಪಾಲಾಗುತ್ತದೆ. ಕಾಯಿನ್‌ಗೆ ಎರಡು ರೂಪಾಯಿ ಹೆಚ್ಚು ಕೊಡುವವನೊಬ್ಬ ಸಿಕ್ಕಿದ. ಆ್ಯಪಿನಲ್ಲಿದ್ದದ್ದು ಒಂದು ಹೆಸರು, ಹಣ ಬಂದ ಖಾತೆಯಲ್ಲಿದ್ದದ್ದು ಇನ್ನೊಂದು. ನಾನು ಗಮನಿಸದೆ ಇರಲಿಲ್ಲ, ಕೇಳಿಯೂ ಕೇಳಿದೆ. 'ಭಾಮೈದನ ಖಾತೆ' ಎಂದ. ಒಬ್ಬರ ಬಾಬ್ತು ಇನ್ನೊಬ್ಬರ ಖಾತೆಯಿಂದ ಬರುವುದನ್ನು ಮಂಡಿಯಲ್ಲಿ ದಿನವೂ ಕಾಣುವ ನನಗೆ ಅದು ಸಹಜವೆನಿಸಿತು. ಮಂಡಿಯಲ್ಲಾದರೆ ಆ ಇನ್ನೊಬ್ಬರ ಮುಖ, ಊರು, ಮನೆ ಗೊತ್ತಿರುತ್ತದೆ ಎಂಬುದು ಒತ್ತುವ ಮುನ್ನ ಹೊಳೆಯಲಿಲ್ಲ.

ಎಂಟು ದಿನಕ್ಕೆ ನನ್ನ ಖಾತೆ ಫ್ರೀಜ್ ಆಯಿತು. ಆ ಹಣ ಬೇರೊಂದು ರಾಜ್ಯದಲ್ಲಿ ಯಾರೋ ಸೈಬರ್ ವಂಚಕರಿಗೆ ಕಳೆದುಕೊಂಡದ್ದು; ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರು. ಕಾಯಿನ್ ಮರಳಿ ಬರುವಂತಿರಲಿಲ್ಲ, ರೂಪಾಯಿ ಮುಟ್ಟುವಂತಿರಲಿಲ್ಲ. ಮಂಡಿಯ ಹಣಕ್ಕೂ ಅದೇ ಖಾತೆಯನ್ನು ಕೊಟ್ಟಿದ್ದೆನಾದ್ದರಿಂದ, ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ಬಂದ ಫಸಲಿನ ದುಡ್ಡೂ ಐದು ತಿಂಗಳು ಅಲ್ಲಿಯೇ ಕೂತಿತು. ಬೋರ್‌ವೆಲ್‌ಗೆ ಬಡ್ಡಿಗೆ ಸಾಲ ತಂದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸತೋಶಿ ನಕಮೊಟೊ ಹೆಸರಿನಲ್ಲಿ 2008ರಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದ ಆಶಯ, ನಡುವೆ ಬ್ಯಾಂಕಿಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ಹಣ ಸಲ್ಲಬೇಕೆಂಬುದು. ಆದರೆ ಗೊಬ್ಬರದಂಗಡಿಯವರು ರೂಪಾಯಿಯನ್ನೇ ಕೇಳುವ ತನಕ ನಾವು ಬ್ಯಾಂಕಿನ ಬಾಗಿಲಿಗೆ ಮರಳಲೇಬೇಕು. ಯುಎಸ್‌ಡಿಟಿಯನ್ನಂತೂ ಹೊರಡಿಸುವ ಕಂಪನಿಯೇ ಫ್ರೀಜ್ ಮಾಡಬಲ್ಲದು. ಸರ್ಕಾರವೂ ದೂರವಿಲ್ಲ: 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆಯಿದೆ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ.

ಆಗಲೇ ಕೊಂಡಿದ್ದರೆ, ಮಂಡಿಯ ಹಣ ಬರುವ ಖಾತೆಯನ್ನು ಇದಕ್ಕೆ ಸೋಕಿಸಬೇಡಿ; ಹೆಸರು ಹೊಂದದ ಹಣ ಬಂದರೆ ಕಾಯಿನ್ ಬಿಡಬೇಡಿ. ಉಳಿದಿದ್ದ ನನ್ನ ಕಾಯಿನ್‌ಗಳನ್ನು ಶೇ. 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಮುರಿದುಕೊಂಡು ತಾನೇ ಹಣ ಕೊಡುವ ಕ್ರಿಪ್ಟೊ ಎಕ್ಸ್‌ಚೇಂಜಿನಲ್ಲಿ ಮಾರಿದೆ. ಎರಡು ರೂಪಾಯಿ ಕಡಿಮೆಯೇ ಸಿಕ್ಕಿತು.