ಬೇರಿಂಗ್ ಡಿಸ್ಟ್ರಿಬ್ಯೂಟರ್ ವೆಬ್‌ಸೈಟು: ಇಂಡಸ್ಟ್ರಿ ಪ್ರಕಾರನಾ, ಐಟಂ ಪ್ರಕಾರನಾ?

ಪ್ರಶ್ನೆ: ಹುಬ್ಬಳ್ಳಿಲಿ ನಮ್ದು ಬೇರಿಂಗ್, ವಿ-ಬೆಲ್ಟ್, ಚೈನ್, ಆಯಿಲ್ ಸೀಲ್ ಡಿಸ್ಟ್ರಿಬ್ಯೂಷನ್. ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆ, ಗಂಗಾವತಿ ರೈಸ್ ಮಿಲ್, ರಾಯಚೂರು ಹತ್ತಿ ಜಿನ್ನಿಂಗ್ ಮಿಲ್, ಇಳಕಲ್ ಗ್ರಾನೈಟ್‌ನವ್ರು ನಮ್ ಗಿರಾಕಿಗಳು. ವೆಬ್‌ಸೈಟ್ ಮಾಡೋ ಹುಡುಗ ಒಂದೊಂದು ಇಂಡಸ್ಟ್ರಿಗೂ ಬೇರೆ ಸೆಕ್ಷನ್ ಮಾಡಿ ಅದ್ರೊಳಗೇ ಎಲ್ಲಾ ಐಟಂ ಹಾಕೋಣ ಅಂತಾನೆ. ಸರಿನಾ?

ಉತ್ತರ: ಬೇಡ ಸರ್. ಇಂಡಸ್ಟ್ರಿ ಸೆಕ್ಷನ್ ಇರ್ಲಿ, ಆದ್ರೆ ಐಟಂ ಅದ್ರೊಳಗೆ ಹಾಕ್ಬೇಡಿ. ಯುಸಿಪಿ 205 ಪ್ಲಮರ್ ಬ್ಲಾಕ್ (ಶಾಫ್ಟ್ ಹಿಡಿಯೋಕೆ ಬೇರಿಂಗ್ ಕೂರಿಸಿರೋ ಬ್ಲಾಕ್) ತಗೊಳ್ಳಿ, ರೈಸ್ ಮಿಲ್ಲಿಗೂ ಅದೇ ಹೋಗುತ್ತೆ, ಜಿನ್ನಿಂಗ್ ಮಿಲ್ಲಿಗೂ ಅದೇ. ನಾಲ್ಕು ಸೆಕ್ಷನ್‌ನಲ್ಲಿ ನಾಲ್ಕು ಪೇಜ್ ಮಾಡಿದ್ರೆ ಸ್ಟಾಕ್ ಬದಲಾದಾಗೆಲ್ಲ ನಾಲ್ಕು ಕಡೆ ತಿದ್ದಬೇಕು, ಒಂದು ಕಡೆ ಮರೆತೇ ಮರೀತೀರಿ, ಗೂಗಲ್ಲೂ ಒಂದೇ ಥರ ಇರೋ ಪೇಜ್‌ಗಳಲ್ಲಿ ಒಂದನ್ನ ಇಟ್ಕೊಂಡು ಉಳಿದವನ್ನ ಸಾಮಾನ್ಯವಾಗಿ ತೋರಿಸೋದೇ ಇಲ್ಲ. ಒಂದು ಐಟಂಗೆ ಒಂದೇ ಪೇಜ್, ಒಂದೇ ಅಡ್ರೆಸ್. ಅದು ಪ್ರಾಡಕ್ಟ್ಸ್ ಕೆಳಗೆ, ಅಂದ್ರೆ ಬೇರಿಂಗ್, ಅದ್ರೊಳಗೆ ಬಾಲ್ ಬೇರಿಂಗ್, ಅದ್ರೊಳಗೆ 6205 ಅನ್ನೋ ನಂಬರಿನ ಬೇರಿಂಗ್. ಮೂರು ಮೆಟ್ಟಿಲು ಸಾಕು.

ಹಾಗಾದ್ರೆ ಇಂಡಸ್ಟ್ರಿ ಪೇಜಲ್ಲಿ ಏನಿರ್ಬೇಕು? ಅಲ್ಲಿನ ಮೆಂಟೆನೆನ್ಸ್‌ನವ್ರ ಕಷ್ಟ ಇರ್ಬೇಕು. ಸಕ್ಕರೆ ಕಾರ್ಖಾನೆ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕಬ್ಬು ನುರಿಸೋಕೆ ಶುರು ಮಾಡುತ್ತೆ, ಓವರ್‌ಹಾಲಿಂಗ್ ಎಲ್ಲ ಅದಕ್ಕೂ ಮುಂಚೆ ಆಫ್ ಸೀಸನ್‌ನಲ್ಲಿ, ಸೋ ಆ ಪೇಜಲ್ಲಿ ಓವರ್‌ಹಾಲಿಂಗ್‌ಗೆ ಏನೇನು ಬೇಕು ಅನ್ನೋ ಲಿಸ್ಟ್ ಇಟ್ಟು ಒಂದೊಂದನ್ನೂ ಆ ಪ್ರಾಡಕ್ಟ್ ಪೇಜಿಗೆ ಲಿಂಕ್ ಮಾಡಿ. ರೈಸ್ ಮಿಲ್ಲಲ್ಲಿ ಹೊಟ್ಟಿನ ಧೂಳು, ಗ್ರಾನೈಟಲ್ಲಿ ನೀರು ಮತ್ತೆ ಕಲ್ಲಿನ ರಾಡಿ, ಎರಡೂ ಕಡೆ ಸೀಲ್ ಮುಖ್ಯ. ಇದನ್ನ ಕೌಂಟರಲ್ಲಿ ದಿನಾ ಬಾಯಲ್ಲಿ ಹೇಳ್ತೀರಲ್ಲ, ಅದನ್ನೇ ಬರೀರಿ, ಯಾಕಂದ್ರೆ ಕಂಪನಿ ಕ್ಯಾಟಲಾಗ್ ಇಳಿಸಿಕೊಂಡು ಹಾಕಿರೋ ಸೈಟುಗಳಲ್ಲಿ ಅದು ಸಿಗಲ್ಲ.

ಇನ್ನು ಸರ್ಚ್. ನನ್ ಪ್ರಕಾರ ಮೆನುಗಿಂತ ಇದೇ ದೊಡ್ಡದು. ನಿಮ್ಗೆ ಬರೋ ವಾಟ್ಸಾಪ್ ಮೆಸೇಜ್ ನೋಡಿ, ಪರ್ಚೇಸ್‌ನವ್ರು ನಂಬರ್ ಹಿಡ್ಕೊಂಡೇ ಕೇಳ್ತಾರೆ. ಒಬ್ರು 6205 2ಆರ್‌ಎಸ್ ಅಂತ ಗ್ಯಾಪ್ ಬಿಟ್ಟು ಹಾಕ್ತಾರೆ, ಒಬ್ರು ನಡುವೆ ಗೆರೆ ಹಾಕ್ತಾರೆ, ಒಬ್ರು ಎಲ್ಲ ಸೇರಿಸಿಬಿಡ್ತಾರೆ. ಮೂರಕ್ಕೂ ಅದೇ ಪೇಜ್ ಬರ್ಬೇಕು. ಇನ್ನು ಬೇರಿಂಗ್ ಸವೆದು ನಂಬರ್ ಅಳಿಸಿ ಹೋಗಿದ್ರೆ ಮೆಕ್ಯಾನಿಕ್ ವರ್ನಿಯರ್ ಹಿಡಿದು ಅಳತೆ ತಗೊಂಡು ಬರ್ತಾನೆ, ಅದಕ್ಕೇ 6205 ಪೇಜಲ್ಲಿ ಒಳಗೆ 25, ಹೊರಗೆ 52, ಅಗಲ 15 ಮಿ.ಮೀ. ಅಂತ ಬರೆದಿರ್ಬೇಕು, ಆ ಅಳತೆ ಹೊಡೆದ್ರೂ ಪೇಜ್ ಸಿಗ್ಬೇಕು. 2ಆರ್‌ಎಸ್ ಅಂದ್ರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂದ್ರೆ ಎರಡೂ ಕಡೆ ತಗಡಿನ ಶೀಲ್ಡ್, ಇಷ್ಟನ್ನ ಅಲ್ಲೇ ಒಂದು ಸಾಲಲ್ಲಿ ಹಾಕಿ, ತಪ್ಪು ಆರ್ಡರ್ ಕಮ್ಮಿ ಆಗುತ್ತೆ.

ಹಳೇ ಸೈಟ್ ಇದ್ರೆ ಅದ್ರ ಲಿಂಕ್‌ಗಳನ್ನ ಹೊಸ ಪೇಜ್‌ಗಳಿಗೆ 301 ರೀಡೈರೆಕ್ಟ್ ಮಾಡ್ಸೋದು, ಅಂದ್ರೆ ಹಳೇ ಲಿಂಕ್ ಒತ್ತಿದವ್ರು ತಾನಾಗೇ ಹೊಸ ಪೇಜಿಗೆ ಹೋಗೋ ಹಾಗೆ ಕಾಯಂ ಮಾಡ್ಸೋದು, ಮರೀಬೇಡಿ.

ಊರಿಗೊಂದು ಪೇಜ್ ಮಾಡಿ ಬರೀ ಹೆಸರು ಮಾತ್ರ ಬದಲಿಸೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ, ಅದು ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲಿರೋ ಡೋರ್‌ವೇ ಪೇಜ್ (ಬರೀ ಸರ್ಚ್‌ನಲ್ಲಿ ಬರೋಕೆ ಅಂತ ಮಾಡಿರೋ ಒಂದೇ ಥರದ ಪೇಜ್) ಲೆಕ್ಕಕ್ಕೆ ಹೋಗುತ್ತೆ. ನಿಜವಾಗ್ಲೂ ಬ್ರಾಂಚ್, ಗೋಡೌನ್ ಇರೋ ಊರಿಗೆ ಮಾತ್ರ ಪೇಜ್ ಮಾಡಿ. ಬಾಕಿ ಊರುಗಳಿಗೆಲ್ಲ ಸೇರಿ ಒಂದೇ ಡೆಲಿವರಿ ಪೇಜ್ ಸಾಕು, ಬೆಳಿಗ್ಗೆ ಆರ್ಡರ್ ಕೊಟ್ರೆ ಯಾವ ಊರಿಗೆ ಯಾವ ಲಾರಿ ಸರ್ವೀಸಲ್ಲಿ ಯಾವಾಗ ಮಾಲು ಮುಟ್ಟುತ್ತೆ ಅಂತ ಅದ್ರಲ್ಲಿ ಬರೀರಿ.